ಬಡಿಸಲು ಮಾತ್ರ ಕರೆಯುವ ನೆಂಟರು: ಜಿಲ್ಲೆಯ ಆರೋಗ್ಯ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಜಾಗ ಯಾವುದು?

ತಲೆಗೆ ಬಿಸಿನೀರು ಹುಯ್ದುಕೊಂಡರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಹೊರಗಿನವರಿಗೆ ಕಟ್ಟುಕತೆಯಂತೆ ಕೇಳಿಸಬಹುದು. ಆದರೆ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಇದನ್ನು ಕಂಡವರಿದ್ದಾರೆ, ನಿಮ್ಹಾನ್ಸ್‌ನ ನರರೋಗ ತಜ್ಞರು ದಶಕಗಳ ಕಾಲ ಇದರ ಅಧ್ಯಯನ ಮಾಡಿದ್ದಾರೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೂಢಿಗೂ ಈ ಕಾಯಿಲೆಗೂ ನೇರ ನಂಟು. ಪರಿಹಾರ ದುಬಾರಿಯದೇನಲ್ಲ: ನೀರಿನ ಬಿಸಿ ತಗ್ಗಿಸಬೇಕು, ಬೇಕಾದವರಿಗೆ ತಲೆಸ್ನಾನಕ್ಕೆ ಮುಂಚೆ ಒಂದು ಮಾತ್ರೆ ಕೊಡಬೇಕು. ತೊಡಕು ಒಂದೇ. ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ ಇಳಿದು ಬರುವ ಯೋಜನೆಯ ನಮೂನೆಯಲ್ಲಿ ಇಂಥದ್ದಕ್ಕೆ ಕಾಲಂ ಇರುವುದಿಲ್ಲ.

ಯಳಂದೂರು ತಾಲ್ಲೂಕಿನಲ್ಲಿ ಆ ಕಾಲಂ ತೆರೆದುಕೊಂಡದ್ದು ಒಂದು ಸ್ವಯಂಸೇವಾ ಸಂಸ್ಥೆಯ ಓಡಾಟದಿಂದ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಬೆಟ್ಟದ ಕೆಳಗಿನ ಯಳಂದೂರಿನಲ್ಲಿ ಕರುಣಾ ಟ್ರಸ್ಟ್ ಶುರು ಮಾಡಿದರು. ಆಗ ಅಲ್ಲಿ ಕುಷ್ಠರೋಗದ ಹಾವಳಿ ಜೋರಾಗಿತ್ತು. ಕುಷ್ಠದ ಬೆನ್ನು ಹತ್ತಿ ಮನೆಮನೆಗೆ ಹೋದವರಿಗೆ ಮೂರ್ಛೆರೋಗದವರು ಸಿಕ್ಕರು, ಮಾನಸಿಕ ಕಾಯಿಲೆಯವರು ಸಿಕ್ಕರು, ಕ್ಷಯದವರು ಸಿಕ್ಕರು. ಕೆಲಸ ಹಬ್ಬುತ್ತಾ ಹೋಗಿ, 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಈ ಟ್ರಸ್ಟಿನ ಕೈಗೆ ಕೊಟ್ಟಿತು. ಸರ್ಕಾರಿ ಕಟ್ಟಡ, ಸರ್ಕಾರಿ ಹಣ, ನಡೆಸುವವರು ಮಾತ್ರ ಹೊರಗಿನವರು ಎಂಬ ಆ ಪ್ರಯೋಗವನ್ನು ನೋಡಲು ದೇಶದ ನಾನಾ ಕಡೆಯಿಂದ ಜನ ಬಂದರು.

ಗುಂಬಳ್ಳಿಯ ಕತೆಯನ್ನು ನಾವು ಸಾಮಾನ್ಯವಾಗಿ ‘ಒಳ್ಳೆಯ ಸೇವೆ’ಯ ಕತೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಊರಿಗೆ ಏನು ಬೇಕು ಎಂಬುದನ್ನು ಊರಿನಲ್ಲಿ ಓಡಾಡುವವರು ಮೊದಲು ಕಂಡರು, ಸೇವೆ ಆಮೇಲೆ ಬಂತು. ಕರ್ನಾಟಕ ಈ ಎರಡನೆಯ ಭಾಗವನ್ನು ಕಲಿತುಕೊಂಡಿತು, ಮೊದಲನೆಯದನ್ನು ಬಿಟ್ಟುಬಿಟ್ಟಿತು. ಇವತ್ತು ಯಾವ ಜಿಲ್ಲೆಯಲ್ಲೇ ನೋಡಿ, ಕ್ಷಯದ ಆಂದೋಲನಕ್ಕೆ, ಎಚ್‌ಐವಿ ಜಾಗೃತಿಗೆ, ಕಣ್ಣಿನ ಶಿಬಿರಕ್ಕೆ, ಕೋವಿಡ್ ಬಂದಾಗ ಆಹಾರದ ಕಿಟ್ ಹಂಚುವುದಕ್ಕೆ ಸಂಸ್ಥೆಗಳು ಬೇಕು. ಏನು ಅಡುಗೆ ಮಾಡಬೇಕು ಎಂದು ಯಾರೂ ಅವರನ್ನು ಕೇಳುವುದಿಲ್ಲ. ಪಂಕ್ತಿ ಕೂತ ಮೇಲೆ ಬಡಿಸಲು ಕರೆಯುತ್ತಾರೆ.

ಜಿಲ್ಲೆಯ ಆರೋಗ್ಯ ಯೋಜನೆ ನಿಜಕ್ಕೂ ತಯಾರಾಗುವುದು ಹೇಗೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಕಾಗದದ ಮೇಲೆ ಏಣಿ ಚೆನ್ನಾಗಿದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಬಂದಾಗ ಹಳ್ಳಿಯ ಯೋಜನೆ ಸೇರಿ ತಾಲ್ಲೂಕಿನದು, ತಾಲ್ಲೂಕಿನವು ಸೇರಿ ಜಿಲ್ಲೆಯದು, ಜಿಲ್ಲೆಯವು ಸೇರಿ ರಾಜ್ಯದ್ದು ಎಂದು ಹೇಳಿತು. ಹಳ್ಳಿಗೊಂದು ಸಮಿತಿ ಆಯಿತು. ಈಗ ಅದರ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಇಂಥದ್ದಕ್ಕೇ ಎಂಬ ಕಟ್ಟಿಲ್ಲದ ಹಣ. ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳು. ಜಿಲ್ಲೆಗೆ ಜಿಲ್ಲಾ ಆರೋಗ್ಯ ಸಂಘ. ಈ ಎಲ್ಲ ಸಮಿತಿಗಳಲ್ಲೂ ‘ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ’ಗೆ ಒಂದು ಸಾಲು ಇದ್ದೇ ಇದೆ.

ನಡೆಯುವುದು ಬೇರೆ. ಕೇಂದ್ರ ಸರ್ಕಾರ ಅಭಿಯಾನದ ವೆಚ್ಚದಲ್ಲಿ ನೂರಕ್ಕೆ 60 ಭಾಗ ಕೊಡುತ್ತದೆ, ಉಳಿದ 40 ರಾಜ್ಯದ್ದು. ದುಡ್ಡಿನ ಜೊತೆಗೆ, ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕು ಎಂಬ ತಲೆಬರಹಗಳೂ ದೆಹಲಿಯಿಂದ ಬರುತ್ತವೆ. ಯಾವ ತಲೆಬರಹದಡಿ ಕೇಳಿದರೆ ಹಣ ಬರುತ್ತದೆ ಎಂಬುದು ಜಿಲ್ಲಾ ಕಾರ್ಯಕ್ರಮ ನಿರ್ವಹಣಾ ಘಟಕದವರಿಗೆ ಬಾಯಿಪಾಠ. ಗಡುವು ಹತ್ತಿರ ಬಂದಾಗ ಹೋದ ಸಲದ ಎಕ್ಸೆಲ್ ಹಾಳೆ ತೆಗೆದು ಅಂಕಿ ಬದಲಿಸುತ್ತಾರೆ, ತುಸು ಹೆಚ್ಚಿಸಿ ಮೇಲೆ ಕಳಿಸುತ್ತಾರೆ. ಅವರನ್ನು ದೂರುವಂತಿಲ್ಲ, ಇಡೀ ಜಿಲ್ಲೆಯ ಹಾಳೆಯನ್ನು ಬೆರಳೆಣಿಕೆಯ ದಿನಗಳಲ್ಲಿ ತುಂಬಬೇಕಾದವರು ಊರೂರು ತಿರುಗಿ ಕೇಳಿಕೊಂಡು ಬರಲಾರರು. ಈಗ ಈ ಯೋಜನೆಯನ್ನು ಎರಡು ವರ್ಷಕ್ಕೊಮ್ಮೆ ಮಾಡುತ್ತಾರೆ: 2022-24, ಆಮೇಲೆ 2024-26. ಅವಧಿ ಹಿಗ್ಗಿದರೆ ಯೋಚಿಸಲು ಸಮಯ ಸಿಗುತ್ತದೆ ಎಂದುಕೊಳ್ಳಬಹುದು. ಆದರೆ ಒಮ್ಮೆ ತಪ್ಪಿದ ಕಾಲಂ ಎರಡು ವರ್ಷ ತಪ್ಪಿಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಇಂಥದ್ದೊಂದು ಸಭೆಯಲ್ಲಿ ನಾನು ಒಮ್ಮೆ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಯಾವ ಜಿಲ್ಲೆ ಎಂಬುದು ಬೇಡ. ಕಾರ್ಯಸೂಚಿಯ ಕೊನೆಯ ಸಾಲು ‘ಸಂಘ ಸಂಸ್ಥೆಗಳ ಸಲಹೆ’. ಆ ಸಾಲು ತಲುಪುವ ಹೊತ್ತಿಗೆ ಉಪ್ಪಿಟ್ಟಿನ ತಟ್ಟೆಗಳು ಖಾಲಿಯಾಗಿದ್ದವು, ಮೇಲಧಿಕಾರಿಗಳು ಇನ್ನೊಂದು ಸಭೆಗೆ ಎದ್ದಿದ್ದರು, ಯೋಜನೆಯ ಪ್ರತಿ ಅದಾಗಲೇ ಬೈಂಡ್ ಆಗಿ ಮೇಜಿನ ಮೇಲಿತ್ತು. ಬುದ್ಧಿಮಾಂದ್ಯ ಮಕ್ಕಳ ಶಾಲೆ ನಡೆಸುವ ಹಿರಿಯರೊಬ್ಬರು ಎದ್ದು ನಿಂತು, ‘ಸಾರ್, ನಮ್ಮ ಮಕ್ಕಳಿಗೆ ಫಿಸಿಯೋಥೆರಪಿ’ ಎಂದು ಶುರು ಮಾಡಿದರು. ‘ಬರವಣಿಗೆಯಲ್ಲಿ ಕೊಡಿ’ ಎಂದರು ಅಧಿಕಾರಿಗಳು. ಅವರು ಕೊಟ್ಟರು.

ಸಂವಿಧಾನದಲ್ಲಿ ಇದಕ್ಕಿಂತ ಘನವಾದ ಜಾಗವೊಂದಿದೆ. 243-ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಲ್ಲಿಂದಲೇ ಆರಿಸಿ ಬರಬೇಕು. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ, ಕುಟುಂಬ ಕಲ್ಯಾಣ, ಮಹಿಳೆ-ಮಕ್ಕಳು, ಅಂಗವಿಕಲರ ಕಲ್ಯಾಣ ಎಲ್ಲವೂ ಇವೆ. ಅಂದರೆ ಆಸ್ಪತ್ರೆ ಮತ್ತು ಆರೈಕೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಅಧಿಕಾರ ಅಲ್ಲಿದೆ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸದಸ್ಯರೇ ಇಲ್ಲದ ಜಿಲ್ಲಾ ಪಂಚಾಯಿತಿಯ ಮೇಲೆ ನಿಂತ ಯೋಜನಾ ಸಮಿತಿಗೆ ಎಷ್ಟು ಜೀವ ಇದ್ದೀತು? ಸಂಸ್ಥೆಗಳನ್ನು ಯೋಜನೆಗೆ ಕರೆಯುವುದಿಲ್ಲ ಎಂದು ದೂರುವ ಮುಂಚೆ, ಕರೆಯಬೇಕಾದ ಮನೆಯ ಯಜಮಾನನೇ ಇಲ್ಲ ಎಂಬುದನ್ನು ಒಪ್ಪಬೇಕು.

ಇನ್ನು ಆರೈಕೆಯ ಮಾತು. ಇಂಗ್ಲಿಷರು ‘ಸೋಷಿಯಲ್ ಕೇರ್’ ಎನ್ನುವುದಕ್ಕೆ ನಮ್ಮ ಕಡತಗಳಲ್ಲಿ ಸರಿಯಾದ ಕನ್ನಡ ಮಾತಿಲ್ಲ. ಸಮಾಜ ಕಲ್ಯಾಣ ಎಂದರೆ ಅದೊಂದು ಇಲಾಖೆ, ಹಾಸ್ಟೆಲ್, ವಿದ್ಯಾರ್ಥಿವೇತನ. ಆರೈಕೆ ಎಂದರೆ ಮನೆಯ ಹೆಣ್ಣುಮಕ್ಕಳ ಕೆಲಸ, ಲೆಕ್ಕಕ್ಕೆ ಬರುವಂಥದ್ದಲ್ಲ. ಹೆಸರಿಲ್ಲದ ಕೆಲಸಕ್ಕೆ ಬಜೆಟ್ಟೂ ಇರುವುದಿಲ್ಲ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಗೆ ಲಕ್ವಾ ಹೊಡೆದಿದೆ ಎಂದಿಟ್ಟುಕೊಳ್ಳಿ. ಮಗ, ಸೊಸೆ ಗುಳೆ ಹೋಗಿದ್ದಾರೆ, ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಯಲ್ಲಿ ಮೊಮ್ಮಗಳು. ಅಜ್ಜಿಗೆ ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಬೇಕೆಂದರೆ ನಾಡಕಚೇರಿ, ಅದು ಕಂದಾಯ ಇಲಾಖೆ. ಅಂಗವಿಕಲರ ಗುರುತಿನ ಚೀಟಿ ಬೇಕೆಂದರೆ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು, ಚೀಟಿಯ ಹಿಂದಿರುವುದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆ. ಎದ್ದು ಕೂರಲಾಗದವರು ಹಾಜರಾಗುವುದು ಹೇಗೆ ಎಂದು ಕೇಳಬೇಡಿ. ಗಾಲಿಕುರ್ಚಿ ಬೇಕೆಂದರೆ ಶಿಬಿರ ಬರುವ ತನಕ ಕಾಯಬೇಕು. ಬಿಪಿ ಮಾತ್ರೆ ಉಪಕೇಂದ್ರದಲ್ಲಿ ಸಿಗುತ್ತದೆ, ಫಿಸಿಯೋಥೆರಪಿ ದೂರದ ಆಸ್ಪತ್ರೆಯಲ್ಲಿ. ಪಡಿತರ ತರಲು ಬೆರಳಚ್ಚು ಕೊಡಬೇಕು, ಅದು ಆಹಾರ ಇಲಾಖೆ. ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದೇ ಮೀಸಲಿಟ್ಟ ಶೇ 5ರ ಹಣ ಇದೆ, ಅದು ಗ್ರಾಮೀಣಾಭಿವೃದ್ಧಿಯದು. ಇಷ್ಟು ಬಾಗಿಲುಗಳ ನಡುವೆ, ಎರಡು ಗಂಟೆಗೊಮ್ಮೆ ಅಜ್ಜಿಯ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದು ಮೊಮ್ಮಗಳಿಗೆ ಹೇಳಿಕೊಡುವುದು ಯಾರ ಕೆಲಸ? ಯಾವ ಇಲಾಖೆಯ ಕೆಲಸವೂ ಅಲ್ಲ. ಆ ಹುಡುಗಿ ಶಾಲೆ ಬಿಟ್ಟದ್ದು ಇನ್ನೊಂದು ಇಲಾಖೆಯ ಅಂಕಿಯಾಗುತ್ತದೆ.

ಸ್ವಯಂಸೇವಾ ಸಂಸ್ಥೆಗಳ ನಿಜವಾದ ಬೆಲೆ ಗೊತ್ತಾಗುವುದು ಇಲ್ಲೇ. ಅಜ್ಜಿಯನ್ನು ಇಲಾಖೆವಾರು ಹೋಳು ಮಾಡಿ ನೋಡುವ ಅಭ್ಯಾಸ ಅವರಿಗಿಲ್ಲ. ಅಂಗವಿಕಲರ ನಡುವೆ ಕೆಲಸ ಮಾಡುವ ಸಂಸ್ಥೆಯ ಕಾರ್ಯಕರ್ತೆ ಆ ಮನೆಗೆ ಹೋದರೆ ಪಿಂಚಣಿ, ಚೀಟಿ, ಹುಣ್ಣು, ಮೊಮ್ಮಗಳ ಶಾಲೆ ನಾಲ್ಕನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಯೋಜನೆ ಮಾಡುವವರ ಹತ್ತಿರ ಇಲ್ಲದ ವಸ್ತು ಎಂದರೆ ಈ ನೋಟ್‌ಬುಕ್.

2011ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಅರವತ್ತು ದಾಟಿದವರು ಶೇ 9.5. ಕೇರಳದಲ್ಲಿ ಆಗಲೇ ಶೇ 12.6. ಮುಪ್ಪಿನ ಹಾದಿಯಲ್ಲಿ ನಮಗಿಂತ ಮುಂದೆ ಹೋದ ಆ ರಾಜ್ಯ ಏನು ಮಾಡಿತು ಎಂದು ತುಸು ನಿಧಾನವಾಗಿ ನೋಡಬೇಕು. ಅಲ್ಲಿ ನೋಟ್‌ಬುಕ್ ಯೋಜನೆಯೊಳಗೆ ಬಂತು.

1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕ್ಯಾನ್ಸರ್ ನೋವಿನವರಿಗಾಗಿ ಒಂದು ಪುಟ್ಟ ಹೊರರೋಗಿ ವಿಭಾಗ ತೆರೆದರು. ಮಾರ್ಫಿನ್ ಕೊಟ್ಟರೆ ನೋವು ಇಳಿಯುತ್ತಿತ್ತು. ಆದರೆ ರೋಗಿಗೆ ಮನೆಯಿಂದ ಬರಲು ಬಸ್ಸಿನ ದುಡ್ಡಿಲ್ಲ, ಮನೆಯಲ್ಲಿ ಅಕ್ಕಿಯಿಲ್ಲ, ಮಕ್ಕಳಿಗೆ ಫೀಸಿಲ್ಲ. ವೈದ್ಯರಿಗೆ ಇದು ತಮ್ಮ ಕೈಲಾಗುವ ಕೆಲಸವಲ್ಲ ಎಂದು ಬೇಗ ತಿಳಿಯಿತು. 2000ದ ಆಸುಪಾಸಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲ ಹುಟ್ಟಿಕೊಂಡಿತು. ಊರಿನವರೇ, ಅಂಗಡಿಯವರು, ಮೇಷ್ಟ್ರು, ಆಟೊ ಓಡಿಸುವವರು, ಕಾಲೇಜು ಹುಡುಗರು, ಹದಿನಾರು ಗಂಟೆಯ ಪಾಠ ಮತ್ತು ನಾಲ್ಕು ದಿನದ ಮನೆಭೇಟಿಯ ತರಬೇತಿ ಪಡೆದು ತಮ್ಮ ಬೀದಿಯ ಹಾಸಿಗೆ ಹಿಡಿದವರ ಪಟ್ಟಿ ಮಾಡಿದರು. ಯಾರಿಗೆ ನರ್ಸ್ ಬೇಕು, ಯಾರಿಗೆ ಅಕ್ಕಿ ಬೇಕು, ಯಾರಿಗೆ ಸುಮ್ಮನೆ ಕೂತು ಮಾತಾಡುವವರು ಬೇಕು ಎಂದು ಅವರೇ ತೀರ್ಮಾನಿಸಿದರು. ಹಣವೂ ಊರಿನದೇ, ದಿನಕ್ಕೊಂದು ರೂಪಾಯಿಯಂಥ ಚಿಲ್ಲರೆ ವಂತಿಗೆ.

ಇಲ್ಲಿಯ ತನಕ ಇದು ಒಳ್ಳೆಯವರ ಕತೆ. ಯೋಜನೆಯ ಕತೆಯಾದದ್ದು ಆಮೇಲೆ. ಕೇರಳ 1996ರ ಜನಯೋಜನೆಯ ಆಂದೋಲನದಲ್ಲಿ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತ್ತು. ಪಂಚಾಯಿತಿಯ ಕೈಯಲ್ಲಿ ದುಡ್ಡಿತ್ತು, ಊರಿನವರ ಕೈಯಲ್ಲಿ ಪಟ್ಟಿ ಇತ್ತು. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿ ತಂದಿತು, ದೇಶದಲ್ಲಿ ಅದೇ ಮೊದಲು. ಮನೆಯಲ್ಲಿ ಕೊಡುವ ಆರೈಕೆಯೇ ಅದರ ಬುನಾದಿ. ಪಂಚಾಯಿತಿಗಳು ತಮ್ಮ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಹಣ ಇಡುವುದು, ಸಮುದಾಯ ನರ್ಸ್ ನೇಮಿಸಿಕೊಳ್ಳುವುದು, ನರ್ಸ್ ಮನೆಮನೆಗೆ ಹೋಗುವುದು ರೂಢಿಯಾಯಿತು. ಸ್ವಯಂಸೇವಕರ ಗುಂಪು ಸರ್ಕಾರದ ಗುತ್ತಿಗೆದಾರನಾಗಲಿಲ್ಲ ಎಂಬುದನ್ನು ಗಮನಿಸಿ. ಅದು ಹೊರಗೇ ಉಳಿದು, ವಾರ್ಡಿನ ಪಟ್ಟಿ ಹಿಡಿದು ಪಂಚಾಯಿತಿಯನ್ನು ಕೇಳುವ ಸ್ಥಾನದಲ್ಲಿತ್ತು.

ಕೇರಳದಲ್ಲಿ ಎಲ್ಲವೂ ಹಾಲು-ಜೇನು ಎಂದು ಹೇಳುವುದಿಲ್ಲ. ಪಂಚಾಯಿತಿಯ ನರ್ಸ್ ಮನೆಗೆ ಬಂದು ರಿಜಿಸ್ಟರಿನಲ್ಲಿ ಟಿಕ್ ಹಾಕಿ ಹೋಗುವ ಭೇಟಿಗೂ, ಸಂಸ್ಥೆಯವರು ಕೂತು ಮಾತಾಡುವ ಭೇಟಿಗೂ ಅಂತರವಿದೆ. ಒಂದೇ ರೋಗಿಯ ಮನೆಗೆ ಇಬ್ಬರೂ ಹೋಗುವುದು, ಇನ್ನೊಬ್ಬನ ಮನೆಗೆ ಯಾರೂ ಹೋಗದಿರುವುದು ಇದೆ. ಅಷ್ಟಿದ್ದರೂ ಹಾಸಿಗೆ ಹಿಡಿದವರು ಎಂಬ ಒಂದು ಗುಂಪು ಅಲ್ಲಿನ ಪಂಚಾಯಿತಿಯ ಲೆಕ್ಕದ ಪುಸ್ತಕದಲ್ಲಿ ಇದೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಉತ್ತಮ ತಾಣ ಇದೆ. 1994ರಲ್ಲಿ ಹುಟ್ಟಿದ ಟ್ರಸ್ಟ್, ಕ್ಯಾನ್ಸರಿನ ಕೊನೆಯ ಹಂತದವರಿಗೆ ಪೈಸೆ ತೆಗೆದುಕೊಳ್ಳದೆ ಆರೈಕೆ. ಆದರೆ ಅಂಥದ್ದೊಂದನ್ನು ದಾನದ ಬಲದಲ್ಲಿ ರಾಜಧಾನಿಯಲ್ಲಿ ಕಟ್ಟಬಹುದು, ದೇವದುರ್ಗದಲ್ಲಿ ಕಟ್ಟಲಾಗುವುದಿಲ್ಲ.

ನಾವೇನೂ ಪ್ರಯತ್ನವೇ ಮಾಡಲಿಲ್ಲ ಎಂದಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ಮಾಡಿದ ಪ್ರಯೋಗ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆಯ ಚಿಕಿತ್ಸೆ ಕಲಿಸಿದ್ದು, 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಒಂದು ಜಿಲ್ಲೆ ದೆಹಲಿಗೆ ನಮೂನೆ ಬರೆದುಕೊಟ್ಟ ಅಪರೂಪದ ಉದಾಹರಣೆ ಅದು. 1999ರಲ್ಲಿ ರಾಜ್ಯ ಸರ್ಕಾರ ಸುದರ್ಶನ್ ಅವರ ಅಧ್ಯಕ್ಷತೆಯಲ್ಲೇ ಆರೋಗ್ಯ ಕಾರ್ಯಪಡೆ ರಚಿಸಿತು. 2001ರ ಅದರ ವರದಿ ನಮ್ಮ ಆರೋಗ್ಯ ವ್ಯವಸ್ಥೆಯ ರೋಗಗಳನ್ನು ಹೆಸರಿಸುವಾಗ ಭ್ರಷ್ಟಾಚಾರವನ್ನೇ ಮೊದಲು ಬರೆಯಿತು. ಸ್ವಯಂಸೇವಾ ವಲಯದವರನ್ನು ಯೋಜನೆಯ ಮೇಜಿಗೆ ಕರೆದರೆ ಏನು ಬದಲಾಗುತ್ತದೆ ಎಂಬುದಕ್ಕೆ ಆ ಒಂದು ಸಾಲು ಸಾಕು. ಇಲಾಖೆ ತಾನೇ ಕೂತು ಬರೆದಿದ್ದರೆ ಆ ಪದ ಮೊದಲ ಪುಟದಲ್ಲಿ ಬರುತ್ತಿತ್ತೇ?

ಆಮೇಲೆ 2007-09ರ ಸಮುದಾಯ ಮೇಲ್ವಿಚಾರಣೆಯ ಪ್ರಯೋಗ. ದೇಶದ ಒಂಬತ್ತು ರಾಜ್ಯಗಳಲ್ಲಿ ನಡೆಯಿತು, ಕರ್ನಾಟಕದ್ದೂ ಇತ್ತು. ಹಳ್ಳಿಯವರು ತಮ್ಮ ಉಪಕೇಂದ್ರಕ್ಕೆ, ಆರೋಗ್ಯ ಕೇಂದ್ರಕ್ಕೆ ಹಸಿರು, ಹಳದಿ, ಕೆಂಪು ಬಣ್ಣದ ಅಂಕಪಟ್ಟಿ ಕೊಡಬೇಕು. ಔಷಧಿ ಇದೆಯೇ, ನರ್ಸ್ ಬರುತ್ತಾರೆಯೇ, ಹೆರಿಗೆಗೆ ದುಡ್ಡು ಕೇಳಿದರೇ. ಆಮೇಲೆ ಜನಸಂವಾದದಲ್ಲಿ ಅಧಿಕಾರಿಗಳ ಎದುರೇ ಅದನ್ನು ಓದಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ ಪ್ರಯೋಗದ ಅವಧಿ ಮುಗಿದ ಮೇಲೂ ಇದು ವರ್ಷಗಟ್ಟಲೆ ಮುಂದುವರಿಯಿತು. ಅಲ್ಲಿ ಪುಣೆಯ ಸಾಥಿ ಎಂಬ ಸಂಸ್ಥೆಯ ಸುತ್ತ ಹಲವು ಸಂಘಟನೆಗಳು ಪಟ್ಟು ಹಿಡಿದು ನಿಂತವು. ನಮ್ಮಲ್ಲಿ ಆ ಬಿಸಿ ಹಾಗೇ ಉಳಿಯಲಿಲ್ಲ. ಕೆಂಪು ಅಂಕಪಟ್ಟಿ ಬಂದ ಊರಿಗೆ ಮುಂದಿನ ವರ್ಷದ ಯೋಜನೆಯಲ್ಲಿ ಏನಾದರೂ ಸಿಗುತ್ತದೆ ಎಂಬ ಕೊಂಡಿಯನ್ನು ಯಾರೂ ಗಟ್ಟಿಯಾಗಿ ಹಾಕಿರಲಿಲ್ಲ. ಬಣ್ಣ ಹಚ್ಚಿದ ಚಾರ್ಟು ಗೋಡೆಯ ಮೇಲೆ ಮಾಸಿತು.

ಸಂಸ್ಥೆಗಳ ಪರವಾಗಿ ಇಷ್ಟು ಹೇಳಿದ ಮೇಲೆ ಅವರ ಹುಳುಕನ್ನೂ ಹೇಳಬೇಕು. ಯಾರು ಯಾರ ಪ್ರತಿನಿಧಿ ಎಂಬುದು ಮೊದಲ ಪ್ರಶ್ನೆ. ಗ್ರಾಮ ಪಂಚಾಯಿತಿ ಸದಸ್ಯೆ ಮತ ಕೇಳಿ ಬಂದವಳು. ಸಂಸ್ಥೆಯ ಕಾರ್ಯದರ್ಶಿಯನ್ನು ಆರಿಸಿದವರು ಯಾರು? ಸಭೆಗೆ ಕರೆ ಹೋಗುವುದೂ ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲ, ಕಾರು ಇರುವ, ಬೆಂಗಳೂರಿನಲ್ಲಿ ಕಚೇರಿ ಇರುವ ಸಂಸ್ಥೆಗೆ. ಊರಿನ ಸ್ತ್ರೀಶಕ್ತಿ ಗುಂಪಿಗೆ, ಯುವಕ ಮಂಡಳಿಗೆ, ಮಸೀದಿ ಕಮಿಟಿಗೆ, ಭಜನಾ ಮಂಡಳಿಗೆ ಕರೆ ಬರುವುದಿಲ್ಲ. ಮಲಪ್ಪುರಂನಲ್ಲಿ ಕೆಲಸ ಮಾಡಿದ್ದು ಇಂಥ ಗುಂಪುಗಳೇ.

ಎರಡನೆಯದು, ಉಂಡ ಮನೆಗೆ ಎರಡು ಬಗೆಯಲಾಗದ ಪೇಚು. ಆರೋಗ್ಯ ಕೇಂದ್ರವನ್ನು ನಡೆಸುವ ಸಂಸ್ಥೆಗೆ ಕಂತು ಬಿಡುಗಡೆಯಾಗುವುದು ಜಿಲ್ಲೆಯ ಅಧಿಕಾರಿಯ ಸಹಿಯಿಂದ. ಅದೇ ಅಧಿಕಾರಿಯ ಮುಂದೆ ಜನಸಂವಾದದಲ್ಲಿ ಕೆಂಪು ಅಂಕಪಟ್ಟಿ ಓದುವ ಧೈರ್ಯ ಯಾರಿಗಿದೆ? ಸೇವೆಯ ಗುತ್ತಿಗೆ, ಯೋಜನೆಯ ಸಲಹೆ, ಕೆಲಸದ ತನಿಖೆ ಮೂರನ್ನೂ ಒಂದೇ ಸಂಸ್ಥೆಯ ಕೈಗಿಟ್ಟರೆ ಮೂರೂ ಕೆಡುತ್ತವೆ.

ಇನ್ನು ದುಡ್ಡು. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಂದ ತಿದ್ದುಪಡಿಯ ನಂತರ, ವಿದೇಶದಿಂದ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಚಿಕ್ಕ ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ತಾಲ್ಲೂಕು ಮಟ್ಟದ ಪುಟ್ಟ ಸಂಸ್ಥೆಗಳು ಬದುಕಿದ್ದದ್ದೇ ಆ ಹಂಚಿಕೆಯಿಂದ. ಕಂಪನಿಗಳ ಸಿಎಸ್‌ಆರ್ ಹಣ ಇದೆಯಲ್ಲ ಎನ್ನುತ್ತಾರೆ. 2013ರ ಕಂಪನಿ ಕಾಯ್ದೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಿ ಎನ್ನುವಾಗಲೇ, ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಎಂದೂ ಹೇಳುತ್ತದೆ. ಕಾರ್ಖಾನೆ ಇಲ್ಲದ ತಾಲ್ಲೂಕಿಗೆ ಆ ಹಣ ಯಾವ ದಾರಿಯಲ್ಲಿ ಬರಬೇಕು?

ಪ್ರಾದೇಶಿಕ ಅಸಮತೋಲನದ ಮಾತು ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು, ದೇವದುರ್ಗವೂ ಅದರಲ್ಲೊಂದು. ಆ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂದಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿಯವರೆಗೂ ಘೋಷಣೆಯಾಗಿದೆ. ಅಂಥ ಹಣ ಸುಲಭವಾಗಿ ಹರಿಯುವುದು ಕಟ್ಟಡಕ್ಕೆ. ಕಟ್ಟಡಕ್ಕೆ ಟೆಂಡರ್ ಇರುತ್ತದೆ, ಶಂಕುಸ್ಥಾಪನೆ ಇರುತ್ತದೆ. ಅಜ್ಜಿಯ ಮಗ್ಗುಲು ಬದಲಿಸುವುದಕ್ಕೆ ಶಂಕುಸ್ಥಾಪನೆ ಮಾಡಲಾಗುವುದಿಲ್ಲ. ಸ್ವಯಂಸೇವಾ ಸಂಸ್ಥೆಗಳಲ್ಲೂ ಇದೇ ಅಸಮತೋಲನ ಇದೆ. ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡದಲ್ಲಿ ಸಂಸ್ಥೆಗಳು ಒಂದರ ಪಕ್ಕ ಒಂದು. ಯಾದಗಿರಿಯ ಒಳಹಳ್ಳಿಗಳಲ್ಲಿ ಹುಡುಕಬೇಕು. ಹಾಗಾಗಿ ‘ಸಂಸ್ಥೆಗಳನ್ನು ಸೇರಿಸಿಕೊಳ್ಳಿ’ ಎಂಬ ಆದೇಶವನ್ನು ರಾಜ್ಯದಾದ್ಯಂತ ಒಂದೇ ಅಚ್ಚಿನಲ್ಲಿ ಹೊರಡಿಸಿದರೆ ಇರುವವರಿಗೇ ಇನ್ನಷ್ಟು ಸಿಗುತ್ತದೆ. ಸಂಸ್ಥೆ ಇಲ್ಲದ ಕಡೆ ಮೊದಲು ಊರಿನ ಗುಂಪನ್ನು ಬೆಳೆಸುವುದಕ್ಕೇ ಹಣ ಇಡಬೇಕಾಗುತ್ತದೆ.

ಕಾಯ್ದೆ ಮಾಡಿ ಕುರ್ಚಿ ಕೊಟ್ಟುಬಿಟ್ಟರೆ ಮುಗಿಯಿತೇ? ಬ್ರಿಟನ್ ಅದನ್ನೂ ಮಾಡಿ ನೋಡಿದೆ. ವೇಲ್ಸ್‌ನಲ್ಲಿ 2014ರ ಕಾಯ್ದೆಯಂತೆ ಏಳು ಪ್ರಾದೇಶಿಕ ಸಹಭಾಗಿತ್ವ ಮಂಡಳಿಗಳು ರಚನೆಯಾದವು. ಆಸ್ಪತ್ರೆಯವರು, ಸ್ಥಳೀಯ ಆಡಳಿತದವರು, ಸ್ವಯಂಸೇವಾ ವಲಯದ ಪ್ರತಿನಿಧಿಗಳು ಒಂದೇ ಮೇಜಿನಲ್ಲಿ ಕೂತು ತಮ್ಮ ಸೀಮೆಗೆ ಎಂಥ ಆರೈಕೆ ಬೇಕು ಎಂದು ಲೆಕ್ಕ ಹಾಕಲೇಬೇಕು. ಇಂಗ್ಲೆಂಡ್ 2022ರಲ್ಲಿ ದೇಶವನ್ನು 42 ಸಮಗ್ರ ಆರೈಕೆ ವ್ಯವಸ್ಥೆಗಳಾಗಿ ಹಂಚಿತು, ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವನ್ನು ಜೊತೆಗಿಟ್ಟುಕೊಳ್ಳಿ ಎಂದಿತು. ಮೂರು ವರ್ಷ ತುಂಬುವ ಮೊದಲೇ, 2025ರಲ್ಲಿ, ಆ ವ್ಯವಸ್ಥೆಗಳನ್ನು ನಡೆಸುವ ಮಂಡಳಿಗಳ ಆಡಳಿತ ವೆಚ್ಚವನ್ನು ಅರ್ಧದಷ್ಟು ಕಡಿಯಿರಿ ಎಂದು ಅಲ್ಲಿನ ಸರ್ಕಾರವೇ ಹೇಳಿತು. ಕುರ್ಚಿ ಇತ್ತು, ಕೂತವರೂ ಇದ್ದರು, ಕತ್ತರಿ ಮಾತ್ರ ಇನ್ನೊಬ್ಬರ ಕೈಯಲ್ಲಿತ್ತು. ಅಷ್ಟೆಲ್ಲ ಕಾನೂನಿರುವ ಕಡೆಯೇ ಹೀಗಾದರೆ, ನಮ್ಮಲ್ಲಿ ಸಮಿತಿಯ ಪಟ್ಟಿಯಲ್ಲಿ ಒಂದು ಹೆಸರು ಸೇರಿಸಿದ ಮಾತ್ರಕ್ಕೆ ಏನಾದೀತು ಎಂದು ಅನುಮಾನ ಬರುವುದು ಸಹಜ.

ಸ್ವಯಂಸೇವೆ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಸರ್ಕಾರದ ಕಾಗದದಲ್ಲಿ ಆಶಾ ಕೂಡ ಸ್ವಯಂಸೇವಕಿಯೇ. ಆ ಪದ ಅವಳಿಗೆ ಗೌರವ ತಂದುಕೊಡಲಿಲ್ಲ, ಸಂಬಳ ತಪ್ಪಿಸಿತು. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕುಳಿತರು. ಆರೈಕೆಯ ಯೋಜನೆಯಲ್ಲಿ ಸ್ವಯಂಸೇವಾ ವಲಯ ಎಂದಾಗ ಖಜಾನೆ ಉಳಿಸುವ ಉಪಾಯವೊಂದು ಅದರ ಹಿಂದೆ ಅಡಗಿ ಕೂತಿರುತ್ತದೆ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಯಾವುದು, ನೆರೆಹೊರೆಯವರು ಒಲವಿನಿಂದ ಮಾಡುವ ಕೆಲಸ ಯಾವುದು ಎಂಬ ಗೆರೆಯನ್ನು ಯೋಜನೆಯಲ್ಲೇ ಎಳೆಯದಿದ್ದರೆ, ಎರಡೂ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತವೆ.

ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ ಎಂದು ನನಗೆ ಅನ್ನಿಸುತ್ತದೆ. ಸಲಹೆ ಕೇಳುವ ಸಭೆ ಯೋಜನೆ ಬೈಂಡ್ ಆಗುವುದಕ್ಕೆ ಮೂರು ತಿಂಗಳು ಮುಂಚೆ ನಡೆಯಬೇಕು, ಕನ್ನಡದಲ್ಲಿ ನಡೆಯಬೇಕು, ಬಂದವರಿಗೆ ಬಸ್ಸಿನ ದುಡ್ಡು ಕೊಡಬೇಕು. ಯಾವ ಸಲಹೆಯನ್ನು ಯಾಕೆ ಬಿಟ್ಟೆವು ಎಂದು ಕಾರಣ ಬರೆದು ಹಾಕಬೇಕು. ನನ್ನ ಮಟ್ಟಿಗೆ ಇದೊಂದೇ ಬಂದರೂ ಅರ್ಧ ಗೆದ್ದಂತೆ. ‘ಬರವಣಿಗೆಯಲ್ಲಿ ಕೊಡಿ’ ಎಂದವರು ಬರವಣಿಗೆಯಲ್ಲೇ ಉತ್ತರ ಕೊಡಲಿ. ಸೇವೆಯ ಗುತ್ತಿಗೆ ಹಿಡಿದ ಸಂಸ್ಥೆ ಆ ಜಿಲ್ಲೆಯ ತನಿಖಾ ಸಮಿತಿಯಲ್ಲಿ ಕೂರಬಾರದು. ಬಳಸಿಕೊಳ್ಳುವಂಥ ಮೇಜೊಂದು ಅದಾಗಲೇ ಇದೆ. ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ಮಾಡುವ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ರಸ್ತೆ, ಚರಂಡಿ, ಬೀದಿದೀಪ ಬರುತ್ತವೆ. ಹಾಸಿಗೆ ಹಿಡಿದವರು ಎಂಬ ಒಂದು ಸಾಲು ಅಲ್ಲಿಗೆ ಬಂದರೆ ಆರೋಗ್ಯ, ಕಂದಾಯ, ಆಹಾರ ಇಲಾಖೆಗಳು ಆ ಸಾಲಿನ ಸುತ್ತ ಸೇರಬೇಕಾಗುತ್ತದೆ.

2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಹೋಗಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಮನೆಯೊಳಗೆ ಕಾಲಿಡುವ ಸರ್ಕಾರ, ಇದು ಒಳ್ಳೆಯ ಬೆಳವಣಿಗೆಯೇ. ಆದರೆ ನಡುಮನೆಯಲ್ಲಿ ಬಿಪಿ ನೋಡುತ್ತಿರುವಾಗ ಒಳಕೋಣೆಯಲ್ಲಿ ಮಲಗಿರುವ ಅಜ್ಜಿಯ ಬೆನ್ನಿನ ಹುಣ್ಣು ಕಂಡರೆ ಅದನ್ನು ಬರೆದುಕೊಳ್ಳುವುದು ಎಲ್ಲಿ? ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಬಹುಪಾಲು ಅಂಗವಿಕಲರೇ, ತೀರಾ ಕಡಿಮೆ ಗೌರವಧನಕ್ಕೆ ಓಡಾಡುವವರು. ಊರಿನಲ್ಲಿ ಯಾರ ಮನೆಯಲ್ಲಿ ಯಾರು ಎಷ್ಟು ದಿನದಿಂದ ಮಲಗಿದ್ದಾರೆ ಎಂದು ಅವರನ್ನು ಕೇಳಿದರೆ ಹೇಳುತ್ತಾರೆ. ಅವರ ನೋಟ್‌ಬುಕ್ ಮುಂದಿನ ವಾರ್ಡ್ ಸಭೆಯ ಮೇಜಿಗೆ ಬರುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಸಭೆಯ ದಿನ ಗೊತ್ತಾದ ತಕ್ಷಣ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆ ಕಾರ್ಯಕರ್ತರಿಗೆ ಒಂದು ಫೋನ್ ಮಾಡಿದರೆ ಸಾಕು.